ತುಳುವಿನಲ್ಲಿ ಕೇಳಿ ಕನ್ನಡದಲ್ಲಿ ಬರೆಯುವುದು: ನನ್ನ ಅನುಭವ

ಕಿನ್ನಿಗೋಳಿ ಕಡೆಯ ಹಿರಿಯರೊಬ್ಬರಿಗೆ ನಾನು ಬರೆದುಕೊಟ್ಟ ಪತ್ರವನ್ನು ಮುಂಬಯಿಯಲ್ಲಿದ್ದ ಅವರ ತಮ್ಮ, ವಕೀಲರ ನೋಟಿಸೆಂದೇ ತಿಳಿದರು. ವಿಷಯ ದೊಡ್ಡದೇನೂ ಆಗಿರಲಿಲ್ಲ. ಕುಟುಂಬದ ಮನೆಯ ಮಾಡು ಸೋರುತ್ತಿತ್ತು, ಹಂಚು ಬದಲಿಸಲು ತಮ್ಮನ ಪಾಲಿನ ಹಣ ಬೇಕಾಗಿತ್ತು. ನಾನು ಅದನ್ನು ‘ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ಸದರಿ ಮನೆಯ ದುರಸ್ತಿಯ ಬಾಬ್ತು ತಮ್ಮ ಪಾಲಿನ ಮೊತ್ತವನ್ನು ಶೀಘ್ರವಾಗಿ ಪಾವತಿಸತಕ್ಕದ್ದು’ ಎಂದು ಬರೆದಿದ್ದೆ. ವಾರದ ಬಳಿಕ ಹಿರಿಯರು ಮಂಗಳೂರಿನ ಹಂಪನಕಟ್ಟೆಯಲ್ಲಿ ಪತ್ರ, ಅರ್ಜಿಗಳನ್ನು ಬರೆದುಕೊಡುವ ನನ್ನ ಅಂಗಡಿಗೆ ಬಂದು, “ನಾನು ದುಡ್ಡು ಕೇಳಲಿಕ್ಕೆ ಬಂದದ್ದು ಮಾರಾಯ್ರೆ, ಜಗಳ ಮಾಡಲಿಕ್ಕೆ ಅಲ್ಲ. ತಮ್ಮ ಮಾತು ಬಿಟ್ಟಿದ್ದಾನೆ” ಎಂದರು. ಅವರು ಕೊಟ್ಟಿದ್ದ ಎಂಬತ್ತು ರೂಪಾಯಿಯನ್ನು ಹಿಂದಿರುಗಿಸಿದೆ.

ಅದೇ ವರ್ಷ ಇನ್ನೊಂದು ಬದಿಯಿಂದಲೂ ಪೆಟ್ಟು ಬಿತ್ತು. ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವಂತೆ, ಕರ್ನಾಟಕದ ನಿಯಮದ ಪ್ರಕಾರ ಮಾಹಿತಿ ಹಕ್ಕಿನ ಅರ್ಜಿಯು ಒಂದೇ ವಿಷಯಕ್ಕೆ ಸೇರಿರಬೇಕು ಮತ್ತು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ನಾನಾದರೋ ಗಡಿ ತಕರಾರಿನ ಅರ್ಜಿಯೊಂದರಲ್ಲಿ ಅಜ್ಜನ ಕಾಲದಿಂದ ಕಥೆ ಆರಂಭಿಸಿ ಸುಮಾರು ನಾನೂರು ಪದ ಬರೆದಿದ್ದೆ. ಅದು ಮರಳಿ ಬಂತು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಹೋದದ್ದಕ್ಕಿಂತ ಹೆಚ್ಚಾಗಿ ಅರ್ಜಿದಾರರ ಒಂದು ತಿಂಗಳು ಹೋಯಿತು. ಆ ವರ್ಷ ಹೀಗೆ ಮರಳಿದವುಗಳನ್ನೆಲ್ಲ ಪುಕ್ಕಟೆಯಾಗಿ ತಿದ್ದಿಕೊಟ್ಟು, ಬಿಟ್ಟುಹೋದ ಗಿರಾಕಿಗಳನ್ನೂ ಲೆಕ್ಕ ಹಿಡಿದರೆ, ಎಂಟು ಒಂಬತ್ತು ಸಾವಿರ ರೂಪಾಯಿ ಕೈಬಿಟ್ಟಿರಬಹುದು. ಆಗಿನ ನನ್ನ ದುಡಿಮೆಗೆ ಅದು ಸಣ್ಣ ಮೊತ್ತವಲ್ಲ.

ಯೋಚಿಸಿದಾಗ ಎರಡು ತಪ್ಪುಗಳಿಗೂ ಬೇರು ಒಂದೇ ಎನಿಸಿತು. ನಮ್ಮ ಊರಿನ ಬಹುಪಾಲು ಜನರಿಗೆ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಕನ್ನಡ ನಮಗೆ ಬಂದದ್ದು ಶಾಲೆಯ ಬೆಂಚಿನ ಮೇಲೆ. ಧಾರವಾಡದವರಿಗೂ ಮೈಸೂರಿನವರಿಗೂ ಅಡುಗೆಮನೆಯ ಕನ್ನಡವೊಂದು, ಕಚೇರಿಯ ಕನ್ನಡವೊಂದು ಇರುತ್ತದೆ. ನನ್ನಲ್ಲಿದ್ದದ್ದು ಒಂದೇ ಕನ್ನಡ, ಅದೂ ಇಸ್ತ್ರಿ ಹಾಕಿದ್ದು. ತಮ್ಮನಿಗೂ ಅದನ್ನೇ ತೊಡಿಸಿದೆ, ತಹಶೀಲ್ದಾರರಿಗೂ ಅದನ್ನೇ ತೊಡಿಸಿದೆ.

ಅಂದಿನಿಂದ ಗಿರಾಕಿ ಕುಳಿತೊಡನೆ ಕೀಲಿಮಣೆ ಮುಟ್ಟುವುದನ್ನು ಬಿಟ್ಟೆ. “ಏನು ಬರೆಯಬೇಕು” ಎಂದು ಕೇಳಿದರೆ ಅವರೂ ಪುಸ್ತಕದ ಕನ್ನಡಕ್ಕೆ ಹೊರಳುತ್ತಾರೆ. ಅದರ ಬದಲು, ಕಾಗದ ಓದುವವರು ಎದುರಿಗೇ ಇದ್ದರೆ ಅವರಿಗೆ ಏನು ಹೇಳುತ್ತೀರೋ ಅದನ್ನು ಮನೆಮಾತಿನಲ್ಲೇ ಹೇಳಿ ಎನ್ನುತ್ತೇನೆ. ಅವರು ತುಳುವಿನಲ್ಲಿ ಹೇಳುತ್ತಿರುವಾಗ ರಫ್ ಪುಸ್ತಕದಲ್ಲಿ ಕ್ರಿಯಾಪದಗಳನ್ನು ಮಾತ್ರ ಗುರುತು ಹಾಕಿ, ಪ್ರತಿಯೊಂದರ ಪಕ್ಕದಲ್ಲಿ ಅದನ್ನು ಮಾಡಿದವರು ಯಾರು, ಯಾವಾಗ ಎಂದು ಬರೆಯುತ್ತೇನೆ. ತಮ್ಮನಿಗೆ ಹೋಗುವ ಕಾಗದವೂ ಕಚೇರಿಗೆ ಹೋಗುವ ಅರ್ಜಿಯೂ ಇದೇ ಅರ್ಧ ಪುಟದ ಟಿಪ್ಪಣಿಯಿಂದ ಹುಟ್ಟಬೇಕು. ಟಿಪ್ಪಣಿಯಲ್ಲಿ ಇಲ್ಲದ ಕ್ರಿಯಾಪದ ಕಾಗದದಲ್ಲಿ ಬಂದರೆ ಅದು ನನ್ನ ಸ್ವಂತ ಅಲಂಕಾರವೆಂದು ತಿಳಿದು ಹೊಡೆದುಹಾಕುತ್ತೇನೆ.

ಇದನ್ನು ಕೇಳಿ ಪಕ್ಕದ ಹಿರಿಯ ದಸ್ತಾವೇಜು ಬರಹಗಾರರು ನಕ್ಕರು. ‘ಸದರಿ’, ‘ಮೇರೆಗೆ’ ಇಲ್ಲದ್ದು ಅರ್ಜಿಯೇ ಅಲ್ಲ, ತುಳುವಿನಿಂದ ಇಳಿಸಿದ ಕನ್ನಡವನ್ನು ಯಾವ ಅಧಿಕಾರಿಯೂ ಓದುವುದಿಲ್ಲ ಎಂದರು. ಕನ್ನಡದ ಮೊದಲ ಪತ್ರಿಕೆಯನ್ನು 1843ರಲ್ಲಿ ಇದೇ ಮಂಗಳೂರಿನಿಂದ ಹೊರಡಿಸಿದ ಜರ್ಮನ್ ಪಾದ್ರಿ ಮೊಗ್ಲಿಂಗರಿಗೂ, 1894ರಲ್ಲಿ ಇಲ್ಲಿಂದಲೇ ನಿಘಂಟು ಹೊರತಂದ ಕಿಟ್ಟೆಲರಿಗೂ ಕನ್ನಡ ಮನೆಮಾತಾಗಿರಲಿಲ್ಲವೆಂದು ನಾನು ಉತ್ತರಿಸಿದೆ. ಆ ಮಾತು ಅವರ ಬಾಯಿ ಮುಚ್ಚಿಸಿತೇ ಹೊರತು ಅವರನ್ನು ಒಪ್ಪಿಸಲಿಲ್ಲ.

ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು ಎಂಬುದೂ ನನಗೆ ಬೇಗನೆ ತಿಳಿಯಿತು. ಉತ್ಸಾಹದಲ್ಲಿ ‘ವಿಷಯ’ ಮತ್ತು ‘ಉಲ್ಲೇಖ’ದ ಸಾಲುಗಳನ್ನೂ ಕಿತ್ತುಹಾಕಿದ್ದೆ. ಟಪಾಲು ವಿಭಾಗದ ಗುಮಾಸ್ತರು ಓದುವುದು ಆ ಎರಡು ಸಾಲುಗಳನ್ನು ಮಾತ್ರ. ಅವು ಇಲ್ಲದ ನನ್ನ ಅರ್ಜಿ ಬೇರೆಯೇ ಶಾಖೆಗೆ ಹೋಗಿ ಎರಡು ತಿಂಗಳು ಮಲಗಿತು. ಚೌಕಟ್ಟು ಇರಬೇಕು, ಒಳಗಿನ ಹುಲ್ಲು ಹೋಗಬೇಕು. ಹುಲ್ಲಿನಲ್ಲಿ ನಾನು ಮೊದಲು ಕಿತ್ತದ್ದು ‘ಸೂಕ್ತ ಕ್ರಮ ಜರುಗಿಸಬೇಕಾಗಿ ವಿನಂತಿ’ ಎಂಬುದನ್ನು. ಯಾವುದು ಸೂಕ್ತವೆಂದು ನಾವೇ ಹೇಳದಿದ್ದರೆ, ಕಡತವನ್ನು ಇನ್ನೊಂದು ಮೇಜಿಗೆ ತಳ್ಳುವುದೂ ಸೂಕ್ತ ಕ್ರಮವೇ ಆಗುತ್ತದೆ. ಈಗ, ಜಮೀನಿನ ಪಹಣಿಯ ವಿಷಯವಾದರೆ, ‘ಆರ್‌ಟಿಸಿಯ 9ನೇ ಕಾಲಂನಲ್ಲಿ ನನ್ನ ತಂದೆಯ ಹೆಸರಿನ ಬದಲು ನನ್ನ ಹೆಸರು ಸೇರಿಸಬೇಕು’ ಎಂದು ಬರೆಯುತ್ತೇನೆ.

ಎರಡನೆಯ ಶತ್ರು ನಮ್ಮ ಕರಾವಳಿಯದೇ. “ಐದು ಸಾವಿರ ಕೊಡಲಿಕ್ಕೆ ಉಂಟು” ಎಂದು ಬಾಯಿಯಲ್ಲಿ ಹೇಳಿದಾಗ ಯಾರು ಯಾರಿಗೆ ಎಂಬುದು ಮುಖ ನೋಡಿಯೇ ಗೊತ್ತಾಗುತ್ತದೆ. ಒಬ್ಬರ ದೂರಿನಲ್ಲಿ ನಾನು ಅದನ್ನು ‘ಐದು ಸಾವಿರ ರೂಪಾಯಿ ಕೊಡಬೇಕಾಗಿರುತ್ತದೆ’ ಎಂದು ಶುದ್ಧಗೊಳಿಸಿದಾಗ, ಓದಿದ ಗುಮಾಸ್ತರು ದೂರುದಾರರೇ ಸಾಲಗಾರರೆಂದು ತಿಳಿದರು. ಅದೇ ರೀತಿ ‘ನನ್ನ ತಂದೆಯವರಿಂದ ಖರೀದಿಸಲ್ಪಟ್ಟ, ಅನಂತರ ಪಾಲಿಗೆ ಒಳಪಟ್ಟ, ಪ್ರಸ್ತುತ ನನ್ನ ಸ್ವಾಧೀನದಲ್ಲಿರುವ’ ಎಂದು ಮೂರು ವಿಶೇಷಣಗಳ ಗಾಡಿ ಹೂಡಿದರೆ, ‘ಜಾಗ’ ಎಂಬ ಪದ ಬರುವವರೆಗೆ ಓದುಗರು ಉಸಿರು ಕಟ್ಟಿ ಕಾಯಬೇಕಾಗುತ್ತದೆ. ಮೊದಲು ಜಾಗವನ್ನು ಹೇಳಿ, ಅದರ ಚರಿತ್ರೆಯನ್ನು ಮುಂದಿನ ಎರಡು ವಾಕ್ಯಗಳಿಗೆ ಹಂಚಿದರೆ ಪದಗಳೂ ಕಡಿಮೆಯಾಗುತ್ತವೆ.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಮೊಬೈಲಿನ ಧ್ವನಿ ಟೈಪಿಂಗ್ ನಂಬಿ ಸುಮಾರು ಒಂದೂವರೆ ಸಾವಿರದ ಹೆಡ್‌ಫೋನ್ ಕೊಂಡೆ. ಗಿರಾಕಿಯ ತುಳು ಅದರೊಳಗೆ ಹೋಗಿ ಹೊರಬಂದ ಕನ್ನಡವನ್ನು ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದು ಸುಲಭವಾಗಿತ್ತು. ಆ ಹೆಡ್‌ಫೋನಿನಲ್ಲಿ ಈಗ ಮಗಳು ಯಕ್ಷಗಾನ ಕೇಳುತ್ತಾಳೆ. ಆತ್ಮೀಯ ಪತ್ರಗಳನ್ನು ಪೂರ್ತಿಯಾಗಿ ನಮ್ಮ ಆಡುಮಾತಿನಲ್ಲೇ ಬರೆದು ನೋಡಿದೆ. ‘ಎಂತ ಮಾರಾಯ್ತಿ’ ತುಂಬಿದ್ದ ಅಜ್ಜಿಯ ಕಾಗದವನ್ನು ಬೆಂಗಳೂರಿನ ಮೊಮ್ಮಗಳು ಹಾಸ್ಯ ನಾಟಕವೆಂದುಕೊಂಡು ಗೆಳತಿಯರಿಗೆ ಓದಿ ಹೇಳಿದಳಂತೆ. ಈಗ ಅಂಥ ಮಾತನ್ನು ಪುಟಕ್ಕೆ ಒಂದೆರಡು ಕಡೆ, ಸಾಂಬಾರಿಗೆ ಇಂಗು ಹಾಕಿದಷ್ಟು ಮಾತ್ರ ಬಳಸುತ್ತೇನೆ. ನಿಜವಾಗಿ ಫಲ ಕೊಟ್ಟದ್ದು ಖರ್ಚಿಲ್ಲದ ಪ್ರಯೋಗ: ಜೆರಾಕ್ಸ್ ಯಂತ್ರದ ಹುಡುಗನ ಕೈಯಲ್ಲಿ ಪ್ರತಿ ಕಾಗದವನ್ನೂ ಗಟ್ಟಿಯಾಗಿ ಓದಿಸುವುದು. ಅವನು ಎಲ್ಲಿ ಅರ್ಥವಿಲ್ಲದ ಕಡೆ ಉಸಿರು ತೆಗೆದುಕೊಳ್ಳುತ್ತಾನೋ ಅಲ್ಲಿ ವಾಕ್ಯ ಮುರಿಯುತ್ತೇನೆ.

ಆತ್ಮೀಯ ಪತ್ರದ ಮೊದಲ ವಾಕ್ಯವನ್ನು ಟಿಪ್ಪಣಿಯ ಯಾವ ಭಾಗದಿಂದ ಎತ್ತಿಕೊಳ್ಳುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದನ್ನು ಹೇಳಿದರೆ ನನ್ನ ಎದುರಿನ ಅಂಗಡಿಯವರು ನಾಳೆಯೇ ಬೋರ್ಡು ಹಾಕುತ್ತಾರೆ. ಆದರೆ ಕಿನ್ನಿಗೋಳಿಯವರ ಎರಡನೆಯ ಪತ್ರದ ಆರಂಭವನ್ನು ಅವರ ಒಪ್ಪಿಗೆಯಿಂದ ಕೊಡುತ್ತೇನೆ: ‘ತಮ್ಮಾ, ಮೊನ್ನೆಯ ಮಳೆಗೆ ಅಮ್ಮ ಮಲಗುತ್ತಿದ್ದ ಕೋಣೆಯಲ್ಲಿ ಪಾತ್ರೆ ಇಡಬೇಕಾಯಿತು.’ ಹಣದ ಮಾತು ಬಂದದ್ದು ಐದನೆಯ ಸಾಲಿನಲ್ಲಿ. ಹದಿನೈದು ದಿನಗಳೊಳಗೆ ಪೂರ್ತಿ ಪಾಲು ಬಂತು, ಅದಕ್ಕೆ ಮೊದಲು ಫೋನು ಬಂತು.

ಹಿಂದೆ ಹತ್ತು ಅರ್ಜಿಗಳಲ್ಲಿ ಮೂರ್ನಾಲ್ಕು ತಿದ್ದುಪಡಿಗೆ ಮರಳುತ್ತಿದ್ದವು. ಈಗ ಇಪ್ಪತ್ತರಲ್ಲಿ ಒಂದು ಮರಳಿದರೆ ಹೆಚ್ಚು. ದರವನ್ನು ನೂರೈವತ್ತಕ್ಕೆ ಏರಿಸಿದ್ದೇನೆ, ಮಾಹಿತಿ ಹಕ್ಕಿನದಕ್ಕೆ ಇನ್ನೂರು. ಪದ ಕಡಿಮೆ, ಹಣ ಹೆಚ್ಚು ಎಂದು ತಕರಾರು ಮಾಡುವವರಿಗೆ ರಫ್ ಪುಸ್ತಕ ತೋರಿಸುತ್ತೇನೆ. ನಕ್ಕಿದ್ದ ಹಿರಿಯರು ಕ್ರಯಪತ್ರಗಳನ್ನು ಹಳೆಯ ಕ್ರಮದಲ್ಲೇ ಬರೆಯುತ್ತಾರೆ, ಆದರೆ ಅವರ ಸ್ವಂತ ಪಿಂಚಣಿಯ ಅರ್ಜಿಯನ್ನು ಕಳೆದ ವರ್ಷ ನನ್ನಿಂದಲೇ ಬರೆಸಿದರು.

ಈ ಮಳೆಗಾಲಕ್ಕೆ ಮೊದಲು ಮುಂಬಯಿಯ ಆ ತಮ್ಮನೇ ಅಣ್ಣನ ಜೊತೆ ನನ್ನ ಅಂಗಡಿಗೆ ಬಂದಿದ್ದರು. ಮಾಡಿನ ಕೆಲಸ ಹಿಡಿದ ಕಂತ್ರಾಟುದಾರರು ಮುಂಗಡ ಪಡೆದು ಕಾಣೆಯಾಗಿದ್ದಾರೆಂದೂ, ಅವರಿಗೊಂದು ಕಾಗದ ಬೇಕೆಂದೂ ಹೇಳಿ, “ಮೊದಲು ನನಗೆ ಬರೆದಿದ್ದಿರಲ್ಲ, ಹಾಗೆಯೇ ಬರೆಯಿರಿ” ಎಂದರು. ರಫ್ ಪುಸ್ತಕ ತೆರೆದು, ತುಳುವಿನಲ್ಲೇ ಹೇಳಿ ಎಂದೆ.