ಬೆರಳಿನಡಿ ಹಾಳೆ ನಿಲ್ಲಬೇಕು: ಓಕ್ಯುಲರ್ ಅನ್ನು ಟಚ್ ಪರದೆಗೆ ಒಗ್ಗಿಸಿದ ನನ್ನ ಅನುಭವ

ವಿರಾಜಪೇಟೆಯ ವಕೀಲರೊಬ್ಬರ ಕಚೇರಿಯಲ್ಲಿ ಟಚ್ ಪರದೆಯ ಹಳೆಯ ಲ್ಯಾಪ್‌ಟಾಪ್‌ಗಳು ಈ ಮಳೆಗಾಲವಿಡೀ ತೊಂದರೆಯಿಲ್ಲದೆ ನಡೆದವು. ಅವುಗಳಲ್ಲಿರುವುದು ಲಿನಕ್ಸ್, ಪಿಡಿಎಫ್ ಓದಲು ಓಕ್ಯುಲರ್, ಅದರ ಮೇಲೆ ನನ್ನ ತಿದ್ದುಪಡಿ. ಬೆಂಗಳೂರಿನ ಗೆಳೆಯರೆಲ್ಲ ‘ಐಪ್ಯಾಡ್ ಕೊಡಿಸಿ ಕೈತೊಳೆದುಕೋ, ಇದು ಆಗುವ ಮಾತಲ್ಲ’ ಎಂದಿದ್ದರು. ಆಗಿದೆ, ಚೆನ್ನಾಗಿಯೇ ಆಗಿದೆ.

ಅಲ್ಲಿ ಓದುವುದು ಜಮ್ಮಾ ಬಾಣೆ (ಕೊಡಗಿನ ವಂಶಪಾರಂಪರ್ಯ ಹಿಡುವಳಿ ಜಮೀನು) ತಕರಾರಿನ ಕಡತಗಳನ್ನು: ಸ್ಕ್ಯಾನ್ ಮಾಡಿದ ಹಳೆಯ ಪತ್ರಗಳು, ಪಹಣಿ, ಎ3 ಅಳತೆಯ ಸರ್ವೆ ನಕ್ಷೆಗಳು. ಓದುವವರು ತೋಟದಲ್ಲಿ ದುಡಿದು ಬೆರಳು ಒರಟಾದ ಹಿರಿಯರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡೆ ಮಡಚಿ ನೇರವಾಗಿ ಪರದೆಗೇ ಕೈ ಹಾಕುತ್ತಾರೆ.

ಎಲ್ಲರಂತೆ ನಾನೂ ಮೊದಲು ಗುಂಡಿಗಳನ್ನು ದೊಡ್ಡದು ಮಾಡಿದೆ. ಮುಟ್ಟುವ ಗುಂಡಿ ಕನಿಷ್ಠ ಇಷ್ಟಿರಲಿ ಎಂದು ಹೇಳುವ ಆಂಡ್ರಾಯ್ಡ್‌ನವರ 48 ಡಿಪಿ, ಆಪಲ್‌ನವರ 44 ಪಾಯಿಂಟ್ ಅಳತೆ ಎರಡನ್ನೂ ಹಾಕಿ ನೋಡಿದೆ. ಪರದೆಯ ಜಾಗ ಹೋಯಿತು, ದೂರು ಮಾತ್ರ ಹಾಗೆಯೇ ಉಳಿಯಿತು. ಕಚೇರಿಯಲ್ಲಿ ಕುಳಿತು ನೋಡಿದಾಗ ಕಾರಣ ಗೊತ್ತಾಯಿತು. ಗುಂಡಿಯ ತಂಟೆಗೇ ಯಾರೂ ಹೋಗುತ್ತಿರಲಿಲ್ಲ. ಸಾಲಿನ ಮೇಲೆ ಬೆರಳಿಟ್ಟು ಓದಲು ಹೊರಟರೆ ಪುಟ ಮಗುಚುತ್ತಿತ್ತು, ಇಲ್ಲವೇ ಅಕ್ಷರಗಳು ಆಯ್ಕೆಗೊಂಡು ನೀಲಿಯಾಗುತ್ತಿದ್ದವು. ಎರಡು ಬೆರಳಿನಿಂದ ಹಿಗ್ಗಿಸಿದರೆ ನೋಡುತ್ತಿದ್ದ ಸರ್ವೆ ನಂಬರ್ ಪರದೆಯಾಚೆ ಓಡಿಹೋಗುತ್ತಿತ್ತು.

ಹೆಚ್ಚು ಕಾಡಿದ್ದು ಈ ಹಿಗ್ಗಿಸುವ ಕೆಲಸವೇ. ಓಕ್ಯುಲರ್ ಕಟ್ಟಿರುವ ತಂತ್ರಾಂಶ ಚೌಕಟ್ಟಾದ ಕ್ಯೂಟಿಯಿಂದ ಪಿಂಚ್ (ಎರಡು ಬೆರಳಿನಲ್ಲಿ ಹಿಗ್ಗಿಸುವ) ಸಂಜ್ಞೆ ಬಂದಂತೆಲ್ಲ ಪುಟವನ್ನು ಹೊಸದಾಗಿ ಬಿಡಿಸಲು ಹೋದರೆ ಎ3 ನಕ್ಷೆಗೆ ಹೆಚ್ಚುಕಡಿಮೆ ಎರಡು ಸೆಕೆಂಡು ಹಿಡಿಯುತ್ತದೆ, ಅಷ್ಟರಲ್ಲಿ ಬೆರಳು ಎಲ್ಲಿಗೋ ಹೋಗಿರುತ್ತದೆ. ಬೆರಳು ಪರದೆಯ ಮೇಲಿರುವಷ್ಟು ಹೊತ್ತು ಇರುವ ಚಿತ್ರವನ್ನೇ ಎಳೆದು ತೋರಿಸುವಂತೆ ಮಾಡಿದೆ. ಮಸುಕಾದರೂ ಚಿಂತೆಯಿಲ್ಲ. ಬೆರಳೆತ್ತಿ ಸುಮಾರು 150 ಮಿಲಿಸೆಕೆಂಡು ಕಳೆದ ಮೇಲಷ್ಟೇ ಪಿಡಿಎಫ್ ಪುಟವನ್ನು ಬಿಡಿಸಿಕೊಡುವ ಪಾಪ್ಲರ್‌ಗೆ ಕೆಲಸ ಕೊಡುತ್ತೇನೆ. ಎರಡು ಬೆರಳುಗಳ ನಡುವೆ ಯಾವ ಅಕ್ಷರವಿತ್ತೋ ಅದು ಹಿಗ್ಗಿದ ಮೇಲೂ ಅಲ್ಲಿಯೇ ಇರಬೇಕು. ನಾಲ್ಕೈದು ಪಿಕ್ಸೆಲ್ ಸರಿದರೂ ಕಣ್ಣು ಸಾಲು ತಪ್ಪುತ್ತದೆ. ಇದನ್ನು ಸರಿಮಾಡಲು ವಾರಗಟ್ಟಲೆ ಹಿಡಿಯಿತು. ಜೊತೆಗೆ ಸ್ಕ್ಯಾನ್‌ಗಳು ಜೆಪೆಗ್ 2000 ಎಂಬ ಚಿತ್ರ ಅಡಕ ವಿಧಾನದಲ್ಲಿದ್ದವು, ಅದನ್ನು ಬಿಚ್ಚುವುದು ನಿಧಾನ. ಸಾದಾ ಜೆಪೆಗ್‌ಗೆ ಬದಲಿಸಿದೆ. ಕಡತದ ಗಾತ್ರ ಒಂದೂವರೆ ಪಟ್ಟು ಆಯಿತು, ತೆರೆಯುವ ಸಮಯ ಅರ್ಧಕ್ಕಿಂತ ಕೆಳಗೆ ಇಳಿಯಿತು. ಡಿಸ್ಕ್ ಅಗ್ಗ, ಕಕ್ಷಿದಾರರ ತಾಳ್ಮೆ ಅಗ್ಗವಲ್ಲ.

ಪುಟ ಮಗುಚುವುದಕ್ಕೆ ನನ್ನ ನಿಯಮ ಕಟ್ಟುನಿಟ್ಟು. ಹಿಗ್ಗಿಸಿದ ಹಾಳೆ ಎಷ್ಟು ಎಳೆದರೂ ಮಗುಚಬಾರದು, ಸರಿಯಬೇಕು ಅಷ್ಟೇ. ಪುಟ ಬದಲಿಸಲು ಕೆಳಗಿನ ಪಟ್ಟಿಯನ್ನೇ ಮುಟ್ಟಬೇಕು. ಎಳೆತದ ಮೊದಲ ಐದು ಮಿಲಿಮೀಟರ್‌ನಲ್ಲಿ ದಿಕ್ಕು ನಿಶ್ಚಯವಾಗುತ್ತದೆ: ಮೇಲೆ ಕೆಳಗೆ ಎಂದಾದರೆ ಅಡ್ಡಕ್ಕೆ ಅಲುಗದು. ಈ ಅಳತೆ ಮಿಲಿಮೀಟರ್‌ನಲ್ಲಿಯೇ ಇರಲಿ. ಪಿಕ್ಸೆಲ್ ಲೆಕ್ಕ ಹಿಡಿದರೆ ಪ್ರತಿ ಯಂತ್ರಕ್ಕೂ ಬೇರೆ ಬೇರೆ ಹೊಂದಿಸುತ್ತಾ ಕೂರಬೇಕಾಗುತ್ತದೆ.

ಇನ್ನು ನೀರು. ಕೆಪಾಸಿಟಿವ್ ಪರದೆಗೆ (ಮುಟ್ಟಿದಾಗಿನ ವಿದ್ಯುತ್ ಬದಲಾವಣೆಯನ್ನು ಗ್ರಹಿಸುವಂಥದ್ದು) ಹನಿಯೂ ಬೆರಳೇ. ಮೈಸೂರಿನ ಗುಜರಿಯಿಂದ ಮೂರು ಸಾವಿರ ಕೊಟ್ಟು, ಒತ್ತಡವನ್ನು ಗ್ರಹಿಸುವ ರೆಸಿಸ್ಟಿವ್ ಪರದೆ ತಂದೆ. ಒದ್ದೆ ಕೈಯಲ್ಲೂ ಕೈಗವಸಿನಲ್ಲೂ ಅದು ಸರಿಯಾಗಿಯೇ ಕೆಲಸ ಮಾಡಿತು, ಆದರೆ ಎರಡು ಬೆರಳನ್ನು ಗುರುತಿಸದು, ನಕ್ಷೆಯ ಸಣ್ಣ ಗೆರೆಗಳೂ ಮಂಕಾಗಿ ಕಾಣುತ್ತಿದ್ದವು. ಸ್ಟೈಲಸ್ ಕೊಟ್ಟರೆ ಎರಡೇ ವಾರದಲ್ಲಿ ಮಾಯ. ಕೊನೆಗೆ ಪರದೆಯ ಸಂಕೇತಗಳನ್ನು ಇವಿಡೆವ್‌ನಲ್ಲಿಯೇ (ಸ್ಪರ್ಶದ ಸುದ್ದಿಯನ್ನು ಲಿನಕ್ಸ್ ಒಪ್ಪಿಸುವ ಜಾಗ) ತಡೆದು, ಸೋಸಿ, ಯುಇನ್‌ಪುಟ್ (ಲಿನಕ್ಸ್‌ಗೆ ಸಂಕೇತ ಮರಳಿ ಕಳಿಸುವ ದಾರಿ) ಮೂಲಕ ಮುಂದಕ್ಕೆ ಬಿಡುವ ಸಣ್ಣ ಪ್ರೋಗ್ರಾಂ ಬರೆದೆ. ಇದು ಓಕ್ಯುಲರ್‌ನಿಂದ ಬೇರೆಯೇ ಆದದ್ದು. ಅಲುಗದೆ ಕೂತ ಸ್ಪರ್ಶವನ್ನು ಹನಿಯೆಂದು ತಳ್ಳಿಹಾಕುತ್ತದೆ. ಆದರೆ ಬೆರಳಿಟ್ಟು ಸುಮ್ಮನೆ ಓದುವವರೂ ಇದ್ದಾರಲ್ಲ? ಅವರನ್ನು ಹನಿಯಿಂದ ಬೇರ್ಪಡಿಸುವ ಲೆಕ್ಕವನ್ನು ಇಲ್ಲಿ ಬಿಡಿಸುವುದಿಲ್ಲ, ಅದರಿಂದಲೇ ನನಗೆ ಕೆಲಸ ಸಿಗುತ್ತಿದೆ. ಸ್ಪರ್ಶದ ಅಗಲವನ್ನಷ್ಟೇ ನಂಬಬೇಡಿ ಎಂದು ಮಾತ್ರ ಹೇಳಬಲ್ಲೆ. ಪರದೆಗೆ ಅಂಟಿಸುವ ಮ್ಯಾಟ್ ಹಾಳೆಯ ಗುಟ್ಟೂ ನನ್ನಲ್ಲೇ ಇರಲಿ.

ಖರ್ಚಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಹಳೆಯ ಯಂತ್ರ ಒಂದಕ್ಕೆ ಹನ್ನೊಂದು ಹನ್ನೆರಡು ಸಾವಿರ, ರ‍್ಯಾಮ್ ಎಂಟು ಜಿಬಿಗೆ ಏರಿಸಲು ಒಂದೂವರೆ ಸಾವಿರ ಆಗ ತಗುಲಿತ್ತು. ಪ್ರಯೋಗಗಳಿಗೆಂದೇ ನನ್ನ ಕೈಯಿಂದ ಇಪ್ಪತ್ತೈದು ಸಾವಿರದಷ್ಟು ಹೋಯಿತು, ಅರ್ಧಕ್ಕೂ ಹೆಚ್ಚು ವಾಪಸು ಬರಲಿಲ್ಲ. ಓಕ್ಯುಲರ್‌ನದು, ತಿದ್ದಿ ಹಂಚುವವರು ಮೂಲ ಸಂಕೇತವನ್ನೂ ಕೊಡಬೇಕೆನ್ನುವ ಜಿಪಿಎಲ್ ಪರವಾನಗಿಯಾದ್ದರಿಂದ ನಾನು ತಿದ್ದಿದ ಓಕ್ಯುಲರ್‌ನ ಪೂರ್ತಿ ಮೂಲ ಸಂಕೇತವನ್ನು ಯಂತ್ರದ ಜೊತೆಯಲ್ಲೇ ಕೊಡುತ್ತೇನೆ. ಈಗ ಗೋಣಿಕೊಪ್ಪದ ಇನ್ನೊಂದು ಕಚೇರಿಯವರು ಎರಡು ಯಂತ್ರ ಕೇಳಿದ್ದಾರೆ. ಹೊಂದಿಸಿಕೊಡಲು ಯಂತ್ರಕ್ಕೆ ಮೂರು ಸಾವಿರ ಹೇಳಿದ್ದೇನೆ, ಚೌಕಾಸಿಯಿಲ್ಲದೆ ಒಪ್ಪಿದ್ದಾರೆ.