ಗೀಸರ್ ರಿಪೇರಿ ಖರ್ಚು ಕೈ ಮೀರದಂತೆ

ಕೋಲಾರದಲ್ಲಿ ನಮ್ಮ ಬೋರ್ ನೀರು ಗಡಸು. ನಮ್ಮನೆ ಗೀಸರ್ ಬಿಚ್ಚಿದಾಗ ನೀರು ಕಾಯಿಸುವ ಕಾಯಿಲ್ ಮೇಲೆ ಸುಣ್ಣ ಕಟ್ಟಿ, ತಟ್ಟಿದರೆ ಚಕ್ಕೆ ಚಕ್ಕೆಯಾಗಿ ಉದುರಿತು.

ನೀರು ಕಾಯದಿದ್ದರೆ ಮೊದಲು ಎಂಸಿಬಿ (ಕರೆಂಟು ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್) ಬಿದ್ದಿದೆಯಾ ನೋಡಿ. ಎತ್ತಿದರೂ ಮತ್ತೆ ಬಿದ್ದರೆ ಮುಟ್ಟಬೇಡಿ. ವಾರಂಟಿ ಕಾರ್ಡ್ ಹುಡುಕಿ. ಟ್ಯಾಂಕಿಗೆ, ಕಾಯಿಲ್‌ಗೆ ಸಾಮಾನ್ಯವಾಗಿ ಬೇರೆ ಬೇರೆ ಅವಧಿ ಇರುತ್ತದೆ. ಮೆಕ್ಯಾನಿಕ್ ಬಿಚ್ಚುವ ಮುಂಚೆಯೇ ರೇಟು ಕೇಳಿ, ಹಳೇ ಪಾರ್ಟು ವಾಪಸ್ ತಗೊಳ್ಳಿ. ದುಡ್ಡು ಕೊಡುವವರು ನಾವೇ ಅಲ್ವಾ? ಕಾಯಿಲ್, ಇಲ್ಲವೇ ಬಿಸಿಯನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಹೋದರೆ ಬದಲಿಸಬಹುದು. ಟ್ಯಾಂಕೇ ತೂತಾಗಿದ್ದರೆ ಸುಮ್ನೆ ದುಡ್ಡು ಸುರಿಯಬೇಡಿ, ಹೊಸದೇ ತಗೊಳ್ಳಿ.

ಒಳಗಿನ ಮೆಗ್ನೀಸಿಯಂ ರಾಡ್ ತಾನು ಸವೆದು ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಸರ್ವಿಸ್ ಮಾಡಿಸುವಾಗ ಅದನ್ನು ಕಣ್ಣಾರೆ ನೋಡಿ, ಸವೆದಿದ್ದರೆ ಹೊಸದು ಹಾಕಿಸಿ. ಬಿಸಿ ಜಾಸ್ತಿ ಇಟ್ಟಷ್ಟೂ ಸುಣ್ಣ ಬೇಗ ಕಟ್ಟುತ್ತದೆ. 50–55 ಡಿಗ್ರಿ ಸ್ನಾನಕ್ಕೆ ಧಾರಾಳ.