ಬೊಜ್ಜು, ಉರಿಯೂತ ಮತ್ತು ತಲೆಬುರುಡೆಯೊಳಗಿನ ಒತ್ತಡ: ನರರೋಗ ವೈದ್ಯನಾಗಿ ನನ್ನ ಅನುಭವ

ತೂಕ ಹೆಚ್ಚಿರುವ ಯುವತಿಯರು ತಲೆನೋವೆಂದು ಬಂದರೆ, ಕಣ್ಣಿನ ಹಿಂಪರದೆಯನ್ನು ನೋಡದೆ ನಾನು ಮೈಗ್ರೇನಿನ ಮಾತ್ರೆ ಬರೆಯುವುದಿಲ್ಲ. ದೃಷ್ಟಿನರದ ತುದಿ ಊದಿಕೊಂಡು ಅಂಚು ಮಸುಕಾಗಿದ್ದರೆ ಮಿದುಳಿನ ಸುತ್ತಲಿನ ದ್ರವದ ಒತ್ತಡ ಏರಿರುವ ಸಾಧ್ಯತೆ ಬಲವಾಗಿರುತ್ತದೆ. ಬಗ್ಗಿ ಎದ್ದಾಗ ಕ್ಷಣಕಾಲ ಕಣ್ಣು ಕತ್ತಲಿಡುವುದನ್ನಾಗಲಿ, ಕಿವಿಯಲ್ಲಿ ನಾಡಿಬಡಿತದ ಲಯಕ್ಕೆ ಸದ್ದು ಕೇಳಿಸುವುದನ್ನಾಗಲಿ ರೋಗಿಗಳು ತಾವಾಗಿ ಹೇಳುವುದು ಕಡಿಮೆ, ನಾವೇ ಕೇಳಬೇಕು.

ಹಾಗೆಂದು ಎಲ್ಲವನ್ನೂ ಬೊಜ್ಜಿನ ತಲೆಗೆ ಕಟ್ಟುವಂತಿಲ್ಲ. ಮಿದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆಯೂ, ಮುಖ್ಯವಾಗಿ ಬಾಣಂತಿಯರಲ್ಲಿ, ಇದೇ ವೇಷದಲ್ಲಿ ಬರುತ್ತದೆಯಾದ್ದರಿಂದ ಎಂಆರ್‌ಐ ಜೊತೆಗೆ ವೆನೋಗ್ರಾಮ್ (ಅಭಿಧಮನಿಗಳ ಚಿತ್ರಣ) ಮಾಡಿಸದೆ ಮುಂದುವರಿಯುವುದಿಲ್ಲ. ಮೊಡವೆಗೆ ಡಾಕ್ಸಿಸೈಕ್ಲಿನ್ ಅಥವಾ ಐಸೊಟ್ರೆಟಿನಾಯಿನ್ ನುಂಗುತ್ತಿದ್ದಾರೆಯೇ ಎಂದೂ ವಿಚಾರಿಸುತ್ತೇನೆ, ಆ ಔಷಧಗಳೂ ಈ ಒತ್ತಡ ಏರಿಸಬಲ್ಲವು.

ಮಿದುಳಿನ ಸುತ್ತಲಿನ ಇದೇ ದ್ರವವನ್ನು ಬೆನ್ನಿನಿಂದ ತೆಗೆದು ಒತ್ತಡ ಅಳೆಯುವಾಗ ಅವಸರ ಸಲ್ಲದು. ಸೂಜಿ ಹಾಕಲು ರೋಗಿ ಮಗ್ಗುಲಾಗಿ ಮುದುಡಿ ಮಲಗಿರುತ್ತಾರೆ. ಅಂಜಿಕೆಯಿಂದ ಉಸಿರು ಬಿಗಿಹಿಡಿದಿದ್ದರೆ ಒತ್ತಡ ಸುಳ್ಳಾಗಿ ಏರುತ್ತದೆ. ಸೂಜಿ ಸರಿಯಾಗಿ ಕುಳಿತ ಮೇಲೆ ಕಾಲುಗಳನ್ನು ನಿಧಾನವಾಗಿ ಚಾಚಿಸಿ, ಮಾತನಾಡಿಸಿ ಧೈರ್ಯ ತುಂಬಿ, ಕೊಳವೆಯಲ್ಲಿನ ದ್ರವ ಉಸಿರಾಟಕ್ಕೆ ತಕ್ಕಂತೆ ಏರಿಳಿಯುತ್ತಾ ಒಂದು ಮಟ್ಟದಲ್ಲಿ ನೆಲೆಗೊಳ್ಳುವವರೆಗೆ ಕಾಯುತ್ತೇನೆ. ವಯಸ್ಕರಲ್ಲಿ ಆ ದ್ರವದ ಎತ್ತರ 25 ಸೆಂಟಿಮೀಟರ್ ಮೀರಿದ್ದು, ಬೇರೆ ಕಾರಣ ಸಿಗದಿದ್ದರೆ ಇಡಿಯೋಪಥಿಕ್ ಇಂಟ್ರಾಕ್ರೇನಿಯಲ್ ಹೈಪರ್‌ಟೆನ್ಷನ್ (ಕಾರಣ ತಿಳಿಯದೆ ತಲೆಬುರುಡೆಯೊಳಗೆ ಏರಿದ ಒತ್ತಡ) ಎನ್ನುತ್ತೇವೆ.

ಹೊಟ್ಟೆಯ ಭಾರ ಎದೆಯನ್ನು ಒತ್ತಿ, ತಲೆಯಿಂದ ರಕ್ತ ಇಳಿಯುವುದು ತಡೆಯಾಗುತ್ತದೆ ಎಂಬ ಹಳೆಯ ವಿವರಣೆ ಅರ್ಧ ಉತ್ತರ ಮಾತ್ರ ಎಂಬುದು ನನ್ನ ಅಭಿಪ್ರಾಯ. ಕೊಬ್ಬಿನ ಅಂಗಾಂಶ ಸುಮ್ಮನೆ ಕೂತಿರುವ ದಾಸ್ತಾನಲ್ಲ. ಅದು ಲೆಪ್ಟಿನ್, ಇಂಟರ್‌ಲ್ಯೂಕಿನ್-6 ಮುಂತಾದ ಸಂಕೇತ ರಾಸಾಯನಿಕಗಳನ್ನು ಸ್ರವಿಸಿ ಮೈಯಲ್ಲಿ ಮಂದವಾದ ಉರಿಯೂತವನ್ನು ಉಳಿಸಿಕೊಂಡಿರುತ್ತದೆ. ಮಿದುಳಿನೊಳಗೆ ದಿನಕ್ಕೆ ಸುಮಾರು 500 ಮಿಲಿಲೀಟರ್ ಈ ದ್ರವವನ್ನು ತಯಾರಿಸುವ ಕೊರಾಯ್ಡ್ ಪ್ಲೆಕ್ಸಸ್ ಎಂಬ ಅಂಗಾಂಶ ಇಂಥ ಸಂಕೇತಗಳಿಗೆ ಸ್ಪಂದಿಸುತ್ತದೆ ಎಂಬುದಕ್ಕೆ ಪ್ರಾಣಿಗಳ ಅಧ್ಯಯನಗಳಲ್ಲಿ ಪುರಾವೆಯಿದೆ. ಬ್ರಿಟನ್ನಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗವೊಂದರಲ್ಲಿ ಎಕ್ಸೆನಟೈಡ್ ಎಂಬ ಮಧುಮೇಹದ ಔಷಧ ಕೊಟ್ಟ ಎರಡೂವರೆ ಗಂಟೆಯಲ್ಲೇ, ಎಂದರೆ ತೂಕ ಇಳಿಯಲು ಅವಕಾಶವೇ ಇಲ್ಲದಾಗ, ಒತ್ತಡ ತಗ್ಗಿತ್ತು. ಭಾರವೊಂದೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ.

ಉರಿಯೂತವೆಂದರೆ ಸ್ಟಿರಾಯ್ಡ್ ಕೊಡಬಹುದಲ್ಲ ಎಂದು ಕಿರಿಯ ವೈದ್ಯರು ಕೇಳುತ್ತಾರೆ. ಅದು ತೂಕ ಏರಿಸುತ್ತದೆ, ನಿಲ್ಲಿಸಿದಾಗ ಒತ್ತಡ ಮರಳಿ ಬರುತ್ತದೆ, ದೀರ್ಘಕಾಲ ಕೊಡುವುದಿಲ್ಲ. ಬದಲಿಗೆ ದ್ರವದ ತಯಾರಿಕೆಯನ್ನು ತಗ್ಗಿಸುವ ಅಸಿಟಝೋಲಮೈಡ್ ಮಾತ್ರೆ ಆರಂಭಿಸುತ್ತೇನೆ, ಬೆರಳು ಜುಮ್ಮೆನ್ನುತ್ತದೆ, ಸೋಡಾ ಸಪ್ಪೆಯೆನಿಸುತ್ತದೆ ಎಂದು ಮೊದಲೇ ಹೇಳಿಡುತ್ತೇನೆ, ಇಲ್ಲದಿದ್ದರೆ ವಾರದೊಳಗೆ ಮಾತ್ರೆ ಬಿಟ್ಟುಬಿಡುತ್ತಾರೆ.

ಬುಡದ ಚಿಕಿತ್ಸೆ ತೂಕ ಇಳಿಸುವುದೇ. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 25 ಮಹಿಳೆಯರು ಮೂರು ತಿಂಗಳು ದಿನಕ್ಕೆ 425 ಕ್ಯಾಲೊರಿಯ ಆಹಾರದಲ್ಲಿದ್ದಾಗ ಒತ್ತಡ, ತಲೆನೋವು ಎರಡೂ ಇಳಿದವು. ಅಷ್ಟು ಕಟ್ಟುನಿಟ್ಟನ್ನು ನಾನು ಹೇರುವುದಿಲ್ಲ. ಅನ್ನದ ಪ್ರಮಾಣ, ಸಂಜೆಯ ಕುರುಕಲು ಇವುಗಳಿಂದ ಮಾತು ಆರಂಭಿಸುತ್ತೇನೆ. ಮನೆಯವರೆದುರು ತೂಕದ ಬಗ್ಗೆ ಛೇಡಿಸಿದರೆ ರೋಗಿ ಮತ್ತೆ ಬರುವುದಿಲ್ಲ. ತಲೆನೋವು ತಗ್ಗಿದ ಮೇಲೂ ದೃಷ್ಟಿಕ್ಷೇತ್ರದ (ಕಣ್ಣಿಗೆ ಕಾಣುವ ವ್ಯಾಪ್ತಿಯ) ಪರೀಕ್ಷೆಯನ್ನು ಮುಂದುವರಿಸುತ್ತೇನೆ, ಮತ್ತು ಆ ವ್ಯಾಪ್ತಿ ವೇಗವಾಗಿ ಕುಗ್ಗುತ್ತಿದ್ದರೆ ತೂಕ ಇಳಿಯಲೆಂದು ಕಾಯದೆ ಅದೇ ದಿನ ಶಸ್ತ್ರಚಿಕಿತ್ಸಕರಿಗೆ ಕರೆ ಮಾಡುತ್ತೇನೆ.